ಎರಡು ಸಲ ಹಾಕಿದ ಒಂದು ನೆಲ

ಕೋಣೆಯ ಕಾಂಕ್ರೀಟಿನ ಮೇಲೆ ನೆಲಕ್ಕೆಂದು ಮೊದಲ ಸಲ ಹಾಕಿದ ಸಿಮೆಂಟ್-ಮರಳಿನ ಗಾರೆ ನೋಡಲು ಚೆನ್ನಾಗಿಯೇ ಇತ್ತು. ತಿಂಗಳು ಕಳೆದ ಮೇಲೆ ಒಂದು ದಿನ ಬಾಗಿಲ ಬಳಿ ಹಿಮ್ಮಡಿ ಊರಿದಾಗ ‘ಡಬ್’ ಎಂದಿತು. ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದೆ; ಕೋಣೆಯ ಕಾಲು ಭಾಗ ಪೊಳ್ಳು. ಉಳಿ ಹಾಕಿ ಎಬ್ಬಿಸಿದರೆ ಅಂಗೈಯಗಲದ ಬಿಲ್ಲೆಗಳಾಗಿ ಎದ್ದು ಬಂತು. ಒಂದು ಬಿಲ್ಲೆಯನ್ನು ಮಗುಚಿ ನೋಡಿದೆ. ತಳದಲ್ಲಿ ಕಾಂಕ್ರೀಟಿನ ಚೂರು ಅಂಟಿರಲಿಲ್ಲ, ಬೂದುಬಣ್ಣದ ಧೂಳು ಅಂಟಿತ್ತು. ಗಾರೆ ಹಿಡಿದುಕೊಂಡದ್ದು ಕಾಂಕ್ರೀಟನ್ನಲ್ಲ, ಅದರ ಮೇಲಿದ್ದ ಧೂಳನ್ನು.

ಇಡೀ ನೆಲವನ್ನು ಕಿತ್ತು ಹಾಕಿ, ಎರಡನೆಯ ಸಲ ನಾನು ಹೆಚ್ಚು ಸಮಯ ಕೊಟ್ಟದ್ದು ಗಾರೆಗಲ್ಲ, ಅದರ ಕೆಳಗಿನ ಕಾಂಕ್ರೀಟಿಗೆ. ಎರಡು ದಿನ ಉಳಿ, ಸುತ್ತಿಗೆ ಹಿಡಿದು ನಯವಾದ ಮೇಲ್ಮೈಯನ್ನೆಲ್ಲ ಕಚ್ಚು ಹಾಕಿದೆ. ಒಳಗಿನ ಜಲ್ಲಿ ಅಲ್ಲಲ್ಲಿ ಕಾಣುವವರೆಗೂ ಬಿಡಲಿಲ್ಲ. ಗುಡಿಸಿ, ತೊಳೆದು, ಮತ್ತೆ ಗುಡಿಸಿದೆ. ಒದ್ದೆ ಬಟ್ಟೆಯಿಂದ ಒರೆಸಿದಾಗ ಬಟ್ಟೆಗೆ ಧೂಳು ಹತ್ತದಿದ್ದರೆ ಮಾತ್ರ ಶುದ್ಧವಾಯಿತೆಂದು ಲೆಕ್ಕ. ಹಿಂದಿನ ರಾತ್ರಿ ನೀರು ಹಾಕಿ ನೆನೆಸಿಟ್ಟೆ. ಒಣ ಕಾಂಕ್ರೀಟ್ ಹೊಸ ಗಾರೆಯ ನೀರನ್ನು ಹೀರಿಬಿಡುತ್ತದೆ, ಆಗ ಸಿಮೆಂಟ್ ಗಟ್ಟಿಯಾಗಲು ಬೇಕಾದ ನೀರೇ ಉಳಿಯುವುದಿಲ್ಲ. ಬೆಳಿಗ್ಗೆ ನಿಂತ ನೀರನ್ನೆಲ್ಲ ಬಟ್ಟೆಯಿಂದ ತೆಗೆದೆ. ನೆಲ ಒದ್ದೆಯಾಗಿರಬೇಕು, ಹೊಳೆಯಬಾರದು.

ಕೋಣೆ 10 ಅಡಿಗೆ 12 ಅಡಿ, ಗಾರೆಯ ದಪ್ಪ 40 ಮಿಲಿಮೀಟರ್. ಕಾಂಕ್ರೀಟಿಗೆ ನೇರವಾಗಿ ಅಂಟಿಸುವ ಗಾರೆಗೆ 25ರಿಂದ 40 ಮಿ.ಮೀ. ಸಾಕು. ನಡುವೆ ಪ್ಲಾಸ್ಟಿಕ್ ಹಾಳೆ ಇದ್ದರೆ ಕನಿಷ್ಠ 50 ಬೇಕು. ಶಾಖ ತಡೆಯುವ ಮೆತ್ತನೆಯ ಹಲಗೆಗಳ ಮೇಲಾದರೆ ಮನೆಯ ಬಳಕೆಗೇ 65 ಬೇಕು. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನಂತೆ ನನಗೆ ಹಿಡಿದದ್ದು ಮೂರೂವರೆ ಮೂಟೆ ಸಿಮೆಂಟ್, ಸುಮಾರು 17 ಘನ ಅಡಿ ಮರಳು. ಒಟ್ಟು ಹತ್ತಿರ ಹತ್ತಿರ 900 ಕಿಲೋ. ಅಷ್ಟನ್ನೂ ಬಾಂಡ್ಲಿಯಲ್ಲಿ ಹೊರಬೇಕೆಂಬುದನ್ನು ಮೊದಲೇ ಯೋಚಿಸಿ ಒಬ್ಬ ಜೊತೆಗಾರನನ್ನು ಕರೆದುಕೊಳ್ಳಿ. ಅಳತೆಗೆ ಸಲಿಕೆಯನ್ನು ನಂಬಬೇಡಿ. ಒದ್ದೆ ಮರಳು ಸಲಿಕೆಯ ಮೇಲೆ ಗುಡ್ಡೆಯಾಗಿ ನಿಲ್ಲುತ್ತದೆ, ಸಿಮೆಂಟ್ ಜಾರಿ ಹೋಗುತ್ತದೆ. 50 ಕಿಲೋ ಮೂಟೆಯಲ್ಲಿ ಸುಮಾರು 35 ಲೀಟರ್ ಸಿಮೆಂಟ್ ಇರುತ್ತದೆ. ಅದೇ ಅಳತೆಯ ಪೆಟ್ಟಿಗೆ ಮಾಡಿಕೊಂಡು ಮೂಟೆಗೆ ನಾಲ್ಕು ಪೆಟ್ಟಿಗೆ ಮರಳು ಹಾಕಿದೆ.

ಮರಳು ದಪ್ಪ ಕಣದ್ದಾಗಿರಲಿ. ಗೋಡೆಯ ಗಿಲಾವಿಗೆ ಬಳಸುವ ನುಣುಪು ಮರಳು ಹೆಚ್ಚು ನೀರು ಕೇಳುತ್ತದೆ, ಒಣಗುವಾಗ ಹೆಚ್ಚು ಕುಗ್ಗುತ್ತದೆ, ಬಿರುಕು ಬಿಡುತ್ತದೆ.

ಈಗ ನೀರಿನ ಮಾತು. ಮೊದಲ ಸಲ ಎಳೆಯುವುದು ಸುಲಭವಾಗಲೆಂದು ನೀರು ಹೆಚ್ಚು ಸುರಿದಿದ್ದೆ. ನೆಲ ಕುಗ್ಗಿ, ಅಂಚುಗಳು ಮೇಲಕ್ಕೆ ಸುರುಳಿಯಾಗಲು ಅದೂ ಕಾರಣ. ಬೇಕಾದ ಹದ ಬೇರೆ. ಮಕ್ಕಳು ಪಾದದ ಮೇಲೆ ಮರಳು ತಟ್ಟಿ ಗುಬ್ಬಚ್ಚಿ ಗೂಡು ಕಟ್ಟುವಾಗ ಮರಳು ಎಷ್ಟು ಒದ್ದೆ ಇರುತ್ತದೋ ಅಷ್ಟೇ. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಬರಬಾರದು. ಮೊದಲು ಒಣದಾಗಿಯೇ ಬಣ್ಣ ಒಂದಾಗುವವರೆಗೆ ಮಗುಚಿ, ಆಮೇಲೆ ನೀರನ್ನು ಚಿಮುಕಿಸುತ್ತಾ ಕಲಸಿದೆ. ಒಂದು ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿಕೊಳ್ಳಿ. ಬಿಗಿಯತೊಡಗಿದ ಗಾರೆಗೆ ಮತ್ತೆ ನೀರು ಹಾಕಿ ಮೆದು ಮಾಡುವ ಅಭ್ಯಾಸ ಬಹಳ ಕಡೆ ಇದೆ. ದಯವಿಟ್ಟು ಮಾಡಬೇಡಿ, ಆ ಗಾರೆಯನ್ನು ಎಸೆಯಿರಿ.

ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ನಾಲ್ಕೂ ಗೋಡೆಗೆ ಮಟ್ಟದ ಗುರುತು ಹಾಕಿದ್ದೆ. ಗುರುತಿಗೆ ಸರಿಯಾಗಿ ಗೋಡೆಯುದ್ದಕ್ಕೂ ಎರಡು ಗಾರೆಯ ಪಟ್ಟಿ ಹಾಕಿ, ರಸಮಟ್ಟ ಇಟ್ಟು ನೋಡಿ, ನಡುವಿನ ಜಾಗ ತುಂಬಲು ಶುರು ಮಾಡಿದೆ. ಅದಕ್ಕೆ ಮೊದಲು ಸಿಮೆಂಟ್ ತಿಳಿಯನ್ನು, ಅಂದರೆ ನೀರಿನಲ್ಲಿ ಕಲಸಿದ ಬರಿಯ ಸಿಮೆಂಟನ್ನು, ಪೊರಕೆಯಿಂದ ಕಾಂಕ್ರೀಟಿಗೆ ತಿಕ್ಕಬೇಕು, ಆದರೆ ಒಮ್ಮೆಗೆ ಒಂದು ಚಾಪೆಯಷ್ಟು ಜಾಗಕ್ಕೆ ಮಾತ್ರ. ಬೆಳ್ಳಗೆ ಒಣಗಿದ ತಿಳಿ ಅಂಟಿಸುವುದಿಲ್ಲ, ಬೇರ್ಪಡಿಸುತ್ತದೆ. ಪಟ್ಟಿಗಳ ಅಡಿಗೂ ಇದೇ ಕ್ರಮ. ಗಾರೆ ಸುರಿದು ಮರದ ತುಂಡಿನಿಂದ ಚೆನ್ನಾಗಿ ಬಡಿದೆ. ಬಡಿಯದೆ ಮೇಲೆ ಮಾತ್ರ ಉಜ್ಜಿದರೆ ಒಳಗೆ ಪುಡಿಪುಡಿಯಾಗಿಯೇ ಉಳಿಯುತ್ತದೆ. ಮಟ್ಟಗೋಲನ್ನು, ಅಂದರೆ ನೇರವಾದ ಉದ್ದ ಕೋಲನ್ನು, ಎರಡೂ ಪಟ್ಟಿಗಳ ಮೇಲಿಟ್ಟು ಎಡಬಲ ಆಡಿಸುತ್ತಾ ನನ್ನ ಕಡೆಗೆ ಎಳೆದು, ಮರದ ಹಲಗೆಯಿಂದ ಉಜ್ಜುತ್ತಾ, ದೂರದ ಮೂಲೆಯಿಂದ ಬಾಗಿಲಿನತ್ತ ಹಿಂದೆ ಸರಿದೆ. ಹೊಳಪಿಗಾಗಿ ಮೇಲೆ ಒಣ ಸಿಮೆಂಟ್ ಉದುರಿಸುವುದನ್ನು ನಾನು ಒಪ್ಪುವುದಿಲ್ಲ. ಆ ತೆಳು ಪದರ ಜೇಡನ ಬಲೆಯಂತೆ ಸೀಳುತ್ತದೆ.

ಮೊಣಕಾಲಿಗೆ ಪ್ಲಾಸ್ಟಿಕ್ ಕಟ್ಟಿಕೊಳ್ಳಿ, ಕೈಗವಸು ಹಾಕಿಕೊಳ್ಳಿ. ಒದ್ದೆ ಸಿಮೆಂಟ್ ಬಟ್ಟೆಯೊಳಗೆ ಇಳಿದು ಚರ್ಮ ಸುಡುತ್ತದೆ, ಉರಿ ತಿಳಿಯುವಷ್ಟರಲ್ಲಿ ಗಾಯವಾಗಿರುತ್ತದೆ.

ಸಂಜೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಏಳು ದಿನ ಹಾಗೆಯೇ ಬಿಟ್ಟೆ, ಕಿಟಕಿ ತೆರೆಯಲಿಲ್ಲ. ಹಾಳೆ ತೆಗೆದ ಮೇಲೆ ಒಣಗುವ ಲೆಕ್ಕ ಶುರು: ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ಅಂದರೆ ನನ್ನ ನೆಲಕ್ಕೆ 40 ದಿನ. ಮೇಲೆ ಮರದ ಹಲಗೆ ಹಾಸುವವನಿದ್ದೆ, ಹಾಗಾಗಿ ಅವಸರ ಮಾಡಲಿಲ್ಲ. 35ನೇ ದಿನ ಒಂದು ತುಂಡು ಪ್ಲಾಸ್ಟಿಕ್ಕಿನ ನಾಲ್ಕಂಚನ್ನೂ ಟೇಪಿನಿಂದ ಅಂಟಿಸಿಟ್ಟೆ. ಮರುದಿನ ಒಳಗೆ ಮಂಜು ಕಟ್ಟಿತ್ತು. 50ನೇ ದಿನ ಕಟ್ಟಲಿಲ್ಲ. ಬಾಗಿಲ ಬಳಿ ಹೋಗಿ ಸುತ್ತಿಗೆಯ ಹಿಡಿಯಿಂದ ತಟ್ಟಿದೆ. ‘ಟಣ್’ ಎಂದಿತು.