ಮಳೆಗಾಲದಲ್ಲಿ ಜಾಮ್ ಆದ ಮರದ ಗಿಯರ್, ನಾನು ಸರಿ ಮಾಡಿದ್ದು ಹೀಗೆ

ಜುಲೈಲಿ ಮಡಿಕೇರಿ ಗೊತ್ತಲ್ಲ, ಕರೆಂಟೂ ಇಲ್ಲ ಬಿಸಿಲೂ ಇಲ್ಲ, ಸರಿ ಅಂತ ಮರದ ಟ್ರ್ಯಾಕ್ಟರ್ ಕಿಟ್ ಜೋಡಿಸೋಕೆ ಕೂತೆ. ಅಂಟು ಬೇಡ, ಪ್ಲೈವುಡ್ ಶೀಟಿಂದ ಪೀಸ್ ಬಿಡಿಸಿ ಸಿಕ್ಕಿಸೋದು, ರಬ್ಬರ್ ಬ್ಯಾಂಡ್ ಸುತ್ತಿದ್ರೆ ಓಡಬೇಕು. ಮೂರು ಸಂಜೆ ಕೂತು ಮುಗಿಸಿ ಸುತ್ತಿ ಬಿಟ್ರೆ ಟಕ್ ಅಂತ ಒಂದು ಹಲ್ಲು ತಿರುಗಿ ನಿಂತೇಹೋಯ್ತು.

ರಬ್ಬರ್ ವೀಕ್ ಇರಬೇಕು ಅಂತ ಇನ್ನೊಂದು ಹಾಕ್ದೆ, ಆಕ್ಸಲ್ ಕಡ್ಡಿನೇ ಮುರೀತು (ಪುಣ್ಯಕ್ಕೆ ಎಕ್ಸ್‌ಟ್ರಾ ಇತ್ತು). ಬಿಚ್ಚಿ ಟಾರ್ಚ್ ಹಿಡಿದು ನೋಡಿದ್ರೆ ತೇವ ಹೀರಿ ಮರ ಉಬ್ಬಿದೆ, ಕಡ್ಡಿ ತೂತಲ್ಲಿ ಬಿಗಿಯಾಗಿ ಕಚ್ಕೊಂಡಿದೆ, ಹಲ್ಲಿನ ಅಂಚಲ್ಲಿ, ಫ್ಯಾಕ್ಟರೀಲಿ ಪೀಸ್ ಕತ್ತರಿಸುವಾಗ ಲೇಸರ್ ಸುಟ್ಟ ಮಸಿ ಬೇರೆ.

ಒಂದು ಗಿಯರನ್ನ ಒಲೆ ಪಕ್ಕಾನೇ ಇಟ್ಟೆ, ಅರ್ಧ ಗಂಟೇಲಿ ಹಪ್ಪಳದ ಥರ ಸೊಟ್ಟಗಾಯ್ತು, ಹಾಗೆ ಮಾಡ್ಬೇಡಿ. ಉಳಿದಿದ್ದನ್ನ ಒಲೆ ಮೇಲಿನ ಅಟ್ಟದಲ್ಲಿ, ಅಮ್ಮ ಒಣಮೀನು ಇಡೋ ಜಾಗದಲ್ಲಿ, ಮೇಲೊಂದು ಹಲಗೆ ಭಾರ ಇಟ್ಟು ಎರಡು ದಿನ ಬಿಟ್ಟೆ. ಆಮೇಲೆ 240 ನಂಬರ್ ಸ್ಯಾಂಡ್‌ಪೇಪರಲ್ಲಿ ಒಂದೊಂದೇ ಹಲ್ಲು ಮೆಲ್ಲಗೆ ಉಜ್ಜಿ, ತೂತಿಗೂ ಕಡ್ಡಿಗೂ ಮೇಣದಬತ್ತಿ ತಿಕ್ಕಿದೆ. ಎಣ್ಣೆ ಮಾತ್ರ ಬೇಡ, ಮರ ಅದನ್ನ ಕುಡಿಯುತ್ತೆ.

ಸೊಟ್ಟಗಾಗಿದ್ದ ಗಿಯರನ್ನ ಒದ್ದೆ ಬಟ್ಟೇಲಿ ಒರೆಸಿ ಪುಸ್ತಕದ ಕೆಳಗಿಟ್ಟೆ, ಹೆಚ್ಚುಕಮ್ಮಿ ನೆಟ್ಟಗಾಯ್ತು. ಈಗ ಟ್ರ್ಯಾಕ್ಟರ್ ಮಂಚದ ಕೆಳಗಿನವರೆಗೂ ಓಡುತ್ತೆ, ಸ್ವಲ್ಪ ಒಣಮೀನಿನ ವಾಸನೆ ಬರುತ್ತೆ ಅಷ್ಟೇ.