ಸಮಾಲೋಚಕಿಗೆ ಸಂಖ್ಯಾಶಾಸ್ತ್ರ ಏಕೆ ಬೇಕು

ಆಪ್ತಸಮಾಲೋಚನೆಯಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂದಿರುವವರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಒಂದಿದೆ: “ಮೇಡಂ, ಅಲ್ಲಿ ಸಂಖ್ಯಾಶಾಸ್ತ್ರವೂ ಇರುತ್ತದಂತೆ. ಅದಿಲ್ಲದ ಕೋರ್ಸ್ ಎಲ್ಲಾದರೂ ಇದೆಯೇ?” ಜನರ ಕಷ್ಟ ಕೇಳುವ ಕೆಲಸಕ್ಕೆ ಲೆಕ್ಕ ಯಾಕೆ ಎಂಬ ಅವರ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಶಾಲೆ ಮತ್ತು ಪಿಯು ಕಾಲೇಜುಗಳಲ್ಲಿ ಈ ಕೆಲಸ ಮಾಡುತ್ತಾ ಬಂದಿರುವ ನನಗೆ, ಓದಿದ್ದರಲ್ಲಿ ದಿನವೂ ಕೈಹಿಡಿಯುತ್ತಿರುವುದು ಆ ಭಾಗವೇ. ವರ್ತನೆಯನ್ನು ಗಮನಿಸುವುದು, ಎಣಿಸುವುದು, ಬರೆದಿಡುವುದು, ಅದರ ಮೇಲೆ ಮಾತನಾಡುವುದು.

ಮೈಸೂರಿನಲ್ಲಿ ಬಿ.ಎ. ಓದುವಾಗ ಮನಃಶಾಸ್ತ್ರ ನನ್ನ ಐಚ್ಛಿಕ ವಿಷಯಗಳಲ್ಲಿ ಒಂದಾಗಿತ್ತು. ಮನಸ್ಸನ್ನು ಅಂಕಿಗಳಲ್ಲಿ ಅಳೆಯುವ ಮನಃಶಾಸ್ತ್ರಕ್ಕೆ ಆ ಊರಿನೊಂದಿಗೆ ಹಳೆಯ ನಂಟಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. ಸ್ಪಿಯರ್‌ಮನ್ ಹೆಸರಿನ ಸಹಸಂಬಂಧ ಗುಣಾಂಕವನ್ನು (ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ) ವಿದ್ಯಾರ್ಥಿಗಳು ಇಂದಿಗೂ ಲೆಕ್ಕ ಹಾಕುತ್ತಾರೆ.

ಪ್ರಯೋಗಾಲಯದಲ್ಲಿ ಕನ್ನಡಿ ಚಿತ್ರಣದ ಪ್ರಯೋಗ ಇರುತ್ತಿತ್ತು. ಕೈ ನೇರವಾಗಿ ಕಾಣದಂತೆ ಮರೆ ಮಾಡಿ, ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ಮೂಲೆ ಬಂದಾಗ ಕೈ ಸ್ತಬ್ಧವಾಗುತ್ತದೆ. ಕಣ್ಣು ಒಂದು ದಿಕ್ಕು ಹೇಳಿದರೆ ಬೆರಳು ಇನ್ನೊಂದಕ್ಕೆ ಜಗ್ಗುತ್ತದೆ. ಪಕ್ಕದಲ್ಲಿ ಸಹಪಾಠಿ ಸ್ಟಾಪ್‌ವಾಚ್ ಹಿಡಿದು ಸಮಯವನ್ನೂ ತಪ್ಪುಗಳನ್ನೂ ಬರೆಯುತ್ತಿದ್ದಳು. ಎಷ್ಟೋ ಮಂದಿ ಕೊನೆಯಲ್ಲಿ “ನನ್ನ ಕೈಯಲ್ಲಿ ಆಗಲೇ ಇಲ್ಲ” ಎನ್ನುತ್ತಿದ್ದರು. ಹಾಳೆ ನೋಡಿದರೆ ಸಮಯವೂ ತಪ್ಪೂ ಪ್ರಯತ್ನದಿಂದ ಪ್ರಯತ್ನಕ್ಕೆ ಇಳಿದಿರುತ್ತಿದ್ದವು. ಮನುಷ್ಯನಿಗೆ ತನ್ನ ಬಗ್ಗೆ ಅನಿಸುವುದೂ ಅವನು ನಿಜವಾಗಿ ಮಾಡುತ್ತಿರುವುದೂ ಬೇರೆಬೇರೆಯಾಗಿರಬಹುದು, ಎರಡನ್ನೂ ಕೇಳಿಸಿಕೊಳ್ಳಬೇಕು ಎಂಬುದು ನನಗೆ ಅಲ್ಲಿಯೇ ಮನದಟ್ಟಾಯಿತು.

ಕೆಲವು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದ ಮೇಲೆ ಸಮಾಲೋಚನಾ ಮನೋವಿಜ್ಞಾನದ ಎಂ.ಎಸ್ಸಿ.ಗೆ ಸೇರಿದೆ. ಸಿದ್ಧಾಂತದ ತರಗತಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅವು ಪುಸ್ತಕಗಳಲ್ಲಿ ಸಿಗುತ್ತವೆ. ಪುಸ್ತಕದಲ್ಲಿ ಸಿಗದ ಕಲಿಕೆ ನಡೆದದ್ದು ಮೂವರ ಗುಂಪುಗಳಲ್ಲಿ: ಒಬ್ಬರು ಸಮಾಲೋಚಕರು, ಒಬ್ಬರು ಸಲಹಾರ್ಥಿ (ಕಷ್ಟ ಹೇಳಿಕೊಳ್ಳಲು ಬಂದವರು), ಮತ್ತೊಬ್ಬರು ಸುಮ್ಮನೆ ನೋಡುವವರು. ಮುಗಿದ ಮೇಲೆ ಇಡೀ ಮಾತುಕತೆಯನ್ನು ಅಕ್ಷರಶಃ ಬರೆದು ತರಬೇಕು, ಮೌನವನ್ನೂ ಸೇರಿಸಿ. ಅಧ್ಯಾಪಕಿ ಅದರ ಮೇಲೆ ಪೆನ್ಸಿಲ್ ಆಡಿಸುತ್ತಿದ್ದರು. ನಮ್ಮೆಲ್ಲರ ಹಾಳೆಗಳಲ್ಲೂ ಅವರು ಹೆಚ್ಚು ಸುತ್ತು ಹಾಕುತ್ತಿದ್ದದ್ದು ‘ಯಾಕೆ’ಗೆ. “ಮನೆಯಲ್ಲಿ ಯಾಕೆ ಹೇಳಲಿಲ್ಲ?” ಎಂದು ಕೇಳಿದರೆ ಎದುರಿನವರು ಸಮಜಾಯಿಷಿ ಕೊಡಲು ಶುರು ಮಾಡುತ್ತಾರೆ, “ಮನೆಯಲ್ಲಿ ಹೇಳಬೇಕು ಅನಿಸಿದಾಗ ಏನಾಯಿತು?” ಎಂದರೆ ನಡೆದದ್ದನ್ನು ಹೇಳುತ್ತಾರೆ. ಅಕ್ಷರಶಃ ಬರೆದ ಆ ಹಾಳೆಗಳಲ್ಲಿ ಇನ್ನೊಂದೂ ಕಾಣುತ್ತಿತ್ತು: ನಾವು ಎಷ್ಟು ಸಾಲು ಮಾತನಾಡಿದ್ದೇವೆ, ಅವರು ಎಷ್ಟು. ಅಧ್ಯಾಪಕಿ ಆ ಸಾಲುಗಳನ್ನು ನಮ್ಮಿಂದಲೇ ಎಣಿಸುತ್ತಿದ್ದರು. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1957ರಲ್ಲಿ ಮುಂದಿಟ್ಟ ಅನುಭೂತಿ (ಎದುರಿನವರ ಜಾಗದಲ್ಲಿ ನಿಂತು ಅವರ ಭಾವ ಅರಿಯುವುದು), ಷರತ್ತಿಲ್ಲದ ಗೌರವ ಮುಂತಾದವನ್ನು ಪರೀಕ್ಷೆಯಲ್ಲಿ ಯಾರಾದರೂ ಬರೆಯಬಲ್ಲರು. ಹಾಳೆಯ ತುಂಬ ನಮ್ಮದೇ ಮಾತು ತುಂಬಿದ್ದರೆ ಅವಕ್ಕೆ ಅಲ್ಲಿ ಜಾಗವಿಲ್ಲ ಎಂದು ಆ ಎಣಿಕೆ ತೋರಿಸುತ್ತಿತ್ತು.

ವರ್ತನಾ ವಿಜ್ಞಾನದ ಪಾಠ ಬಂದಾಗ ಹಲವರು ಮುಖ ಸಿಂಡರಿಸಿದರು. ಸ್ಕಿನ್ನರ್, ಪಾರಿವಾಳ, ಕಾಳು: ಒಂದು ವರ್ತನೆಯ ನಂತರ ಕಾಳು ಸಿಕ್ಕರೆ ಪಾರಿವಾಳ ಅದನ್ನೇ ಮತ್ತೆ ಮತ್ತೆ ಮಾಡುತ್ತದೆ ಎಂದು ತೋರಿಸಿದ ವಿಜ್ಞಾನಿಯ ಪ್ರಯೋಗಗಳು. ಇದಕ್ಕೂ ಮನುಷ್ಯನ ನೋವಿಗೂ ಏನು ಸಂಬಂಧ ಎಂದು. ಸಂಬಂಧ ಎಷ್ಟು ಗಾಢವಾದದ್ದು ಎಂಬುದನ್ನು ಕೆಲಸಕ್ಕೆ ಸೇರಿದ ಮೇಲೆ ಬಂದ ಒಬ್ಬ ಹುಡುಗನ ಮೂಲಕ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆರನೇ ತರಗತಿ. ಬೆಳಿಗ್ಗೆ ಎದ್ದರೆ ಹೊಟ್ಟೆನೋವು, ಕೆಲವೊಮ್ಮೆ ವಾಂತಿ. ಮಕ್ಕಳ ವೈದ್ಯರು ಪರೀಕ್ಷಿಸಿ ಕಾಯಿಲೆ ಏನೂ ಇಲ್ಲ ಎಂದಿದ್ದರು. ಅಜ್ಜಿ ದೃಷ್ಟಿ ತೆಗೆದಾಗಿತ್ತು. ತಂದೆಗೆ ಇದು ನಾಟಕ ಎಂಬ ಸಿಟ್ಟು. ಹುಡುಗ ನನ್ನೆದುರು ಕುಳಿತು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ಏನು ಕೇಳಿದರೂ “ಗೊತ್ತಿಲ್ಲ ಮಿಸ್” ಎನ್ನುತ್ತಿದ್ದ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಅವನ ತಾಯಿಗೆ ಒಂದು ಕೆಲಸ ಕೊಟ್ಟೆ. ಸದ್ಯಕ್ಕೆ ಏನನ್ನೂ ಬದಲಿಸಬೇಡಿ, ಬರೆಯಿರಿ ಅಷ್ಟೇ ಎಂದೆ. ಮೂರು ಕಾಲಂ: ಮೊದಲು ಏನು ನಡೆಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಆಕೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದು ಅಚ್ಚುಕಟ್ಟಾಗಿ ಬರೆದುಕೊಂಡು ಬಂದರು. ಕುಳಿತವರೇ ಬೆರಳಿಟ್ಟು ತೋರಿಸಿದರು: “ನೋಡಿ ಮಿಸ್, ಶನಿವಾರ ಒಂದು ದಿನವೂ ನೋವು ಬಂದಿಲ್ಲ.” ಶಾಲೆಯ ವೇಳಾಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದೆವು. ನೋವು ಬಂದ ದಿನಗಳಲ್ಲಿ ಮೊದಲ ಪೀರಿಯಡ್ ಇಂಗ್ಲಿಷ್. ಮಕ್ಕಳು ಸರದಿಯಂತೆ ಎದ್ದುನಿಂತು ಗಟ್ಟಿಯಾಗಿ ಓದಬೇಕು. ಶನಿವಾರ ಆ ಪೀರಿಯಡ್ ಇಲ್ಲ. ಮೂರನೇ ಕಾಲಂನಲ್ಲಿ ಆಕೆ ಬರೆದಿದ್ದರು: “ರಜೆ ಹಾಕಿದೆ. ಗಂಜಿ ಮಾಡಿಕೊಟ್ಟೆ. ಹತ್ತು ಗಂಟೆಗೆ ನೋವು ಹೋಯಿತು.”

ಆ ಮೂರು ಪುಟ್ಟ ವಾಕ್ಯಗಳಲ್ಲಿ ಎಲ್ಲವೂ ಇತ್ತು. ಭಯಪಡುವ ಕೆಲಸ ತಪ್ಪುತ್ತದೆ, ದಿನವಿಡೀ ಸಿಗದ ಅಮ್ಮ ಸಿಗುತ್ತಾಳೆ. ಹುಡುಗ ಲೆಕ್ಕ ಹಾಕಿ ಇದನ್ನು ಮಾಡುತ್ತಿದ್ದಾನೆ ಎಂದು ಇದರ ಅರ್ಥವಲ್ಲ. ನೋವು ನಿಜವಾದದ್ದೇ ಎಂದು ತಂದೆಗೆ ನಾನು ಒತ್ತಿ ಹೇಳಿದೆ. ಪರಿಣಾಮವು ವರ್ತನೆಯನ್ನು ಬಲಪಡಿಸಲು ವ್ಯಕ್ತಿಗೆ ಅದರ ಅರಿವಿರಬೇಕಾಗಿಲ್ಲ. ಓದಿಸಿ ನೋಡಿದಾಗ ಅವನು ಮೊದಲ ಅಕ್ಷರ ಹಿಡಿದು ಉಳಿದ ಪದವನ್ನು ಊಹಿಸುತ್ತಿದ್ದ. ಕಲಿಕಾ ನ್ಯೂನತೆಯ ಪರೀಕ್ಷೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಕಳಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ಇದೂ ಒಂದು. ಪೋಷಕರಿಗೆ ಇದು ತಿಳಿದಿರಬೇಕು. ತರಗತಿಯಲ್ಲಿ ಅವನನ್ನು ಸರದಿಯಲ್ಲಿ ಓದಿಸುವುದು ನಿಂತಿತು, ಅಮ್ಮನ ಸಮಯ ನೋವಿಲ್ಲದ ಸಂಜೆಗಳಿಗೆ ಸರಿಯಿತು. ಹೊಟ್ಟೆನೋವು ನಿಧಾನವಾಗಿ ಇಳಿಯಿತು. ಓದು ಈಗಲೂ ಅವನಿಗೆ ಕಷ್ಟವೇ, ವಿಶೇಷ ಶಿಕ್ಷಕಿಯ ಬಳಿ ಹೋಗುತ್ತಾನೆ.

ಸಹಾನುಭೂತಿಯಿಂದ ಎಷ್ಟು ಕೇಳಿದ್ದರೂ ಆ ಹುಡುಗನಿಂದ ಈ ಉತ್ತರ ಬರುತ್ತಿರಲಿಲ್ಲ. ಹಾಗೆಯೇ, ಅವನ ಮುಂದೆ ಸಮಾಧಾನವಾಗಿ ಕೂರದೆ ಬರೀ ಅಮ್ಮ ಬರೆದ ಪುಸ್ತಕ ನೋಡಿದ್ದರೆ ಅವನು ನನಗೆ ಓದಿ ತೋರಿಸುತ್ತಿರಲೂ ಇಲ್ಲ.

ಸಂಖ್ಯಾಶಾಸ್ತ್ರ ನನಗೆ ಕಲಿಸಿದ್ದು ಇನ್ನೊಂದು ಎಚ್ಚರ. ಜನ ನಮ್ಮ ಬಳಿ ಬರುವುದು ಸಾಮಾನ್ಯವಾಗಿ ಸಂಕಟ ತುತ್ತತುದಿಯಲ್ಲಿರುವಾಗ. ತುದಿಯಲ್ಲಿರುವ ಅಂಕ ಮುಂದಿನ ಅಳತೆಯಲ್ಲಿ ಸರಾಸರಿಯ ಕಡೆಗೆ ಸರಿಯುವ ಸಂಭವ ತಾನಾಗಿಯೇ ಹೆಚ್ಚು. ಹಾಗಾಗಿ ಮುಂದಿನ ವಾರ ಸ್ವಲ್ಪ ಹಗುರಾದ ಮುಖ ಕಂಡ ಕೂಡಲೇ ಅದು ನನ್ನ ಸಮಾಲೋಚನೆಯ ಫಲ ಎಂದು ಬರೆದುಕೊಳ್ಳುವುದಿಲ್ಲ. ಖಿನ್ನತೆ ಕಂಡಾಗ ಪಿಎಚ್‌ಕ್ಯು-9 ಪ್ರಶ್ನಾವಳಿ ಬಳಸುತ್ತೇನೆ: ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು ಹೆಚ್ಚೆಂದರೆ 27; ಅಂಕ ಹೆಚ್ಚಿದಷ್ಟೂ ಖಿನ್ನತೆ ತೀವ್ರ. ಒಂದು ಸಲದ ಅಂಕಕ್ಕಿಂತ ಹಲವು ವಾರಗಳ ಏರಿಳಿತವನ್ನು ನಂಬುತ್ತೇನೆ. ಒಂದು ಪ್ರಶ್ನೆ ಮಾತ್ರ ಬೇರೆ. ಒಂಬತ್ತನೆಯದು, ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಕುರಿತದ್ದು. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಇರಲಿ, ಒಟ್ಟು ಅಂಕ ಎಷ್ಟು ಕಡಿಮೆಯಿದ್ದರೂ ಅಂದೇ, ಅಲ್ಲೇ ಅದರ ಬಗ್ಗೆ ಮಾತನಾಡುತ್ತೇನೆ, ಮನೋವೈದ್ಯರ ಬಳಿ ಕಳಿಸುತ್ತೇನೆ. ಹಗಲೂ ರಾತ್ರಿ ಉಚಿತವಾಗಿ ಸಿಗುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಅನ್ನು ಕೈಯಾರೆ ಬರೆದುಕೊಡುತ್ತೇನೆ.

ನೀತಿಸಂಹಿತೆಯ ಪಾಠವನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ಗೋಪ್ಯತೆಯ ಮಿತಿ ಮೊದಲ ದಿನವೇ ಸ್ಪಷ್ಟವಿರಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವರದಿ ಮಾಡಲೇಬೇಕು. “ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ” ಎಂಬ ಮಾತನ್ನು ನಾನು ಯಾವ ಮಗುವಿಗೂ ಕೊಡುವುದಿಲ್ಲ. ಯಾವುದನ್ನು ಇಟ್ಟುಕೊಳ್ಳುತ್ತೇನೆ, ಯಾವುದನ್ನು ಹೇಳಲೇಬೇಕಾಗುತ್ತದೆ ಎಂದು ಮೊದಲೇ ತಿಳಿಸುತ್ತೇನೆ. ಮಕ್ಕಳು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಒಪ್ಪಿಕೊಳ್ಳುತ್ತಾರೆ.

ಸೇರುವವರಿಗೆ ಇನ್ನು ಕೆಲವು ವಿಷಯ. ಎಂ.ಎಸ್ಸಿ. ಮುಗಿಸಿದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿಕೊಳ್ಳುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ, ನೋಂದಣಿ ಬೇಕು. ಉಳಿದ ಮನೋವಿಜ್ಞಾನಿಗಳು, ಆರೋಗ್ಯ ಸಮಾಲೋಚಕರು, ವರ್ತನಾ ವಿಶ್ಲೇಷಕರು 2021ರ ಸಹವರ್ತಿ ಮತ್ತು ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ ವರ್ತನಾ ಆರೋಗ್ಯ ವಿಜ್ಞಾನ ವೃತ್ತಿಪರರ ವರ್ಗಕ್ಕೆ ಸೇರುತ್ತಾರೆ. ಈ ಕಾಯ್ದೆಯಡಿ ಬರುವ ಕೋರ್ಸ್‌ಗಳನ್ನು, ಮನೋವಿಜ್ಞಾನವನ್ನೂ ಸೇರಿಸಿ, ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ನಡೆಸುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025ರ ಜುಲೈ–ಆಗಸ್ಟ್ ಅವಧಿಯಿಂದ ನಿಲ್ಲಿಸಿದೆ. ಉದ್ಯೋಗದಲ್ಲಿರುವವರಿಗೆ, ಸಣ್ಣ ಊರುಗಳ ಹೆಣ್ಣುಮಕ್ಕಳಿಗೆ ಇದು ದೊಡ್ಡ ತೊಡಕು ಎಂದು ಬಲ್ಲೆ. ಆದರೂ, ಎದುರು ಕುಳಿತು ಯಾರೂ ತಿದ್ದದೆ ಈ ವಿದ್ಯೆ ಬರುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಶುಲ್ಕ ಕಟ್ಟುವ ಮೊದಲು ವಿಭಾಗಕ್ಕೆ ಹೋಗಿ ಕೇಳಿ: ನಿಜವಾದ ಸಲಹಾರ್ಥಿಗಳೊಂದಿಗೆ ಎಷ್ಟು ಗಂಟೆ ಅಭ್ಯಾಸವಿದೆ, ಆ ಗಂಟೆಗಳ ದಾಖಲೆಯನ್ನು ಓದಿ ಚರ್ಚಿಸುವವರು ಯಾರು, ಅವರು ಈಗಲೂ ಸಮಾಲೋಚನೆ ನಡೆಸುತ್ತಾರೆಯೇ, ಇಂಟರ್ನ್‌ಶಿಪ್ ಜಾಗವನ್ನು ವಿಭಾಗ ಹುಡುಕಿಕೊಡುತ್ತದೆಯೇ ಅಥವಾ ನೀವೇ ಅಲೆಯಬೇಕೇ. ಸಾಧ್ಯವಾದರೆ ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಇವೇ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿ.