ಒಂದು ಎ4 ಹಾಳೆ, ಎರಡು ಕಾರ್ಡು: ಶುಭಾಶಯ ಪತ್ರ ನೀವೇ ಮಾಡಿ

ಮನೆಯಲ್ಲೇ ಗ್ರೀಟಿಂಗ್ ಕಾರ್ಡ್ ಮಾಡೋಣ ಅಂತ ಹೊರಟವರು ಮೊದಲು ಏನು ಮಾಡುತ್ತಾರೆ ಹೇಳಿ? ಸ್ಟೇಷನರಿ ಅಂಗಡಿಗೆ ಹೋಗಿ ಗ್ಲಿಟರ್, ಸ್ಟಿಕ್ಕರ್, ರಿಬ್ಬನ್, ಪ್ಲಾಸ್ಟಿಕ್ ಮುತ್ತು ಎಲ್ಲಾ ತಂದು ಟೇಬಲ್ ಮೇಲೆ ಸುರಿಯುತ್ತಾರೆ. ಕಾಗದ ಮಾತ್ರ ಕೈಗೆ ಸಿಕ್ಕಿದ್ದು. ಆಮೇಲೆ ಮಡಿಕೆ ಸೊಟ್ಟಗಾಗುತ್ತದೆ, ಅಂಟು ಹಾಕಿದ ಕಡೆಯೆಲ್ಲ ಕಾಗದ ಉಬ್ಬುತ್ತದೆ, ಅದನ್ನು ಮುಚ್ಚೋಕೆ ಇನ್ನಷ್ಟು ಗ್ಲಿಟರ್.

ನನ್ನ ಪ್ರಕಾರ ಕಾರ್ಡಿನ ಅಂದ ಇರೋದು ಕಾಗದ, ಮಡಿಕೆ, ಅಂಟು ಈ ಮೂರರಲ್ಲೇ. ಇವು ಸರಿಯಾದರೆ ಮೇಲೆ ಒಂದೇ ಒಂದು ಎಲೆ ಅಂಟಿಸಿದರೂ ಸಾಕು. ಅದಕ್ಕೇ ಈ ಲೇಖನದಲ್ಲಿ ಅಲಂಕಾರ ಕಡಿಮೆ, ಅಳತೆ ಜಾಸ್ತಿ.

ಮೊದಲು ಕಾಗದ

ಕಾಗದದ ದಪ್ಪವನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನೋದೇ ಅದು. ಜೆರಾಕ್ಸ್ ಅಂಗಡಿಯಲ್ಲಿ ಸಿಗೋ ಮಾಮೂಲಿ ಹಾಳೆ 70ರಿಂದ 80 ಜಿಎಸ್‌ಎಂ. ಕಾರ್ಡಿಗೆ ಅದು ತೀರಾ ತೆಳು, ನಿಲ್ಲೋದಿಲ್ಲ. 220ರಿಂದ 250ರ ಒಳಗಿನ ದಪ್ಪ ಹಾಳೆ ಕೇಳಿ. ಐವರಿ ಶೀಟ್ ಆದರೂ ಸರಿ, ದಪ್ಪ ಡ್ರಾಯಿಂಗ್ ಶೀಟ್ ಆದರೂ ಸರಿ. 300 ದಾಟಿದರೆ ಮಡಚುವಾಗ ಬಿರುಕು ಬಿಡುವ ಸಾಧ್ಯತೆ ಹೆಚ್ಚು, ಹೊಸಬರಿಗೆ ಬೇಡ.

ಇನ್ನೊಂದು ವಿಷಯ ಬಹಳ ಜನ ಗಮನಿಸೋದೇ ಇಲ್ಲ. ಕಾಗದಕ್ಕೂ ಎಳೆ ಇರುತ್ತದೆ. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ನಾರುಗಳು ಯಂತ್ರ ಓಡುವ ದಿಕ್ಕಿಗೇ ಹೆಚ್ಚಾಗಿ ಮಲಗುತ್ತವೆ. ನಂಬಿಕೆ ಬರದಿದ್ದರೆ ಹಳೇ ಪೇಪರ್ ತಗೊಂಡು ಮೇಲಿನಿಂದ ಕೆಳಗೆ ಹರಿಯಿರಿ, ಆಮೇಲೆ ಅಡ್ಡಡ್ಡ ಹರಿಯಿರಿ. ಒಂದು ಕಡೆ ನೆಟ್ಟಗೆ ಹರಿಯುತ್ತದೆ, ಇನ್ನೊಂದು ಕಡೆ ಎಲ್ಲೆಲ್ಲೋ ಹೋಗುತ್ತದೆ, ಅಲ್ವಾ? ನೆಟ್ಟಗೆ ಹರಿದ ದಿಕ್ಕೇ ಎಳೆಯ ದಿಕ್ಕು. ಎಳೆಯ ಉದ್ದಕ್ಕೆ ಮಡಚಿದರೆ ಮಡಿಕೆ ನುಣುಪಾಗಿ ಕೂರುತ್ತದೆ. ಎಳೆಗೆ ಅಡ್ಡವಾಗಿ ಮಡಚಿದರೆ ಅಂಚು ಸಿಡಿದು ಬಿಳಿ ಬಿಳಿ ಕಾಣುತ್ತದೆ.

ದಪ್ಪ ಹಾಳೆಯನ್ನು ಹರಿದು ನೋಡೋಕಾಗಲ್ಲ. ಅದನ್ನು ಮಡಚದೆ ಸುಮ್ನೆ ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಬಾಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಎಲ್ಲಿ ಸುಲಭವಾಗಿ ಬಾಗುತ್ತದೋ ಅಲ್ಲಿ ಮಡಿಕೆ ಬರಬೇಕು.

ಅಳತೆ

ಎ4 ಹಾಳೆ ಅಂದರೆ 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಉದ್ದ. ಇದನ್ನು ಉದ್ದದಲ್ಲಿ ಸರಿಯಾಗಿ ಅರ್ಧ ಮಾಡಿ ಕತ್ತರಿಸಿ. 21ಕ್ಕೆ 14.8ರ ಎರಡು ತುಂಡು ಸಿಗುತ್ತವೆ. ಒಂದೊಂದು ತುಂಡನ್ನೂ 21ರ ಬದಿಯಲ್ಲಿ ಅರ್ಧಕ್ಕೆ ಮಡಚಿದರೆ 10.5ಕ್ಕೆ 14.8ರ ಕಾರ್ಡು ಸಿದ್ಧ. ಎ4 ಹಾಳೆಯಲ್ಲಿ ಎಳೆ ಸಾಮಾನ್ಯವಾಗಿ ಉದ್ದಕ್ಕೇ ಇರುತ್ತದೆ. ಹೀಗೆ ಕತ್ತರಿಸಿ ಮಡಚಿದಾಗ ಮಡಿಕೆಯೂ ತಾನಾಗಿಯೇ ಅದೇ ದಿಕ್ಕಿಗೆ ಬರುತ್ತದೆ. ದೊಡ್ಡ ಡ್ರಾಯಿಂಗ್ ಶೀಟಿನಿಂದ ಕತ್ತರಿಸಿಕೊಂಡ ಹಾಳೆಯಾದರೆ ಮಾತ್ರ ಬಾಗಿಸಿ ನೋಡಿಯೇ ಮುಂದುವರಿಯಿರಿ.

ಕತ್ತರಿಸೋಕೆ ಕತ್ತರಿಗಿಂತ ಪೇಪರ್ ಕಟರ್ ವಾಸಿ. ಸ್ಟೀಲ್ ಸ್ಕೇಲ್ ಇಟ್ಟುಕೊಳ್ಳಿ, ಪ್ಲಾಸ್ಟಿಕ್ ಸ್ಕೇಲನ್ನು ಬ್ಲೇಡು ಕೆತ್ತಿಬಿಡುತ್ತದೆ. ಒಂದೇ ಏಟಿಗೆ ಒತ್ತಬೇಡಿ, ಹಗುರವಾಗಿ ಎರಡು ಮೂರು ಸಲ ಎಳೆಯಿರಿ. ಮಕ್ಕಳು ಜೊತೆಗೆ ಕೂತಿದ್ದರೆ ಈ ಕೆಲಸ ದೊಡ್ಡವರದ್ದು.

ಮಡಚುವ ಮೊದಲು ಗೀರು

ಇದೊಂದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ. ಇಂಕು ಮುಗಿದ ಬಾಲ್ ಪೆನ್ ಹುಡುಕಿ, ಎಲ್ಲರ ಮನೆಯಲ್ಲೂ ಒಂದಾದರೂ ಇರುತ್ತದೆ. ಹಾಳೆಯ ಕೆಳಗೆ ನಾಲ್ಕು ಮಡಿಕೆ ಪೇಪರ್ ಹಾಕಿ. ನಡುವೆ, ಅಂದರೆ 10.5ರ ಗುರುತಿನ ಮೇಲೆ ಸ್ಕೇಲ್ ಇಟ್ಟು ಆ ಪೆನ್ನಿನಿಂದ ಗಟ್ಟಿಯಾಗಿ ಒಂದು ಗೀರು ಎಳೆಯಿರಿ. ಒಂದು ಬದಿಗೆ ತಗ್ಗು ಬೀಳುತ್ತದೆ, ಹಿಂಬದಿಯಲ್ಲಿ ಸಣ್ಣ ಏರು ಏಳುತ್ತದೆ.

ಈಗ ಯಾವ ಕಡೆಗೆ ಮಡಚಬೇಕು? ತಗ್ಗು ಇರುವ ಕಡೆಗೆ ಅಂತಲೇ ಎಲ್ಲರಿಗೂ ಅನ್ನಿಸುತ್ತದೆ. ಆದರೆ ದಪ್ಪ ಕಾಗದದಲ್ಲಿ ಏರು ಒಳಗೆ, ತಗ್ಗು ಹೊರಗೆ ಬರುವಂತೆ ಮಡಚಬೇಕು. ಹಾಗಾದಾಗ ಹೊರಗಿನ ಪದರ ಜಾಸ್ತಿ ಎಳೆದು ಬಿರಿಯೋದಿಲ್ಲ. ಮಡಚಿದ ಮೇಲೆ ಚಮಚದ ಹಿಂಬದಿಯಿಂದ ಅಂಚನ್ನು ತಿಕ್ಕಿ. ಉಗುರಿನಿಂದ ತಿಕ್ಕಿದರೆ ಹೊಳಪಿನ ಗೆರೆ ಉಳಿಯುತ್ತದೆ.

ಅಂಟಿನ ವಿಷಯ

ಬಿಳಿ ಅಂಟಿನಲ್ಲಿ ನೀರಿರುತ್ತದೆ. ನೀರು ಕುಡಿದ ಕಾಗದ ಹಿಗ್ಗುತ್ತದೆ, ಒಣಗುವಾಗ ಸುಕ್ಕುಗಟ್ಟುತ್ತದೆ. ಹಾಗಂತ ಫೆವಿಕಾಲ್ ಬೇಡವೇ ಬೇಡ ಅಂತಲ್ಲ, ಸಣ್ಣ ತುಂಡುಗಳಿಗೆ ಅದೇ ಗಟ್ಟಿ. ಟೂತ್‌ಪಿಕ್ ತುದಿಯಲ್ಲಿ ತಗೊಂಡು ಅಂಚಿಗಷ್ಟೇ ಸವರಿ. ದೊಡ್ಡ ಹಾಳೆಯನ್ನು ಹಾಳೆಗೆ ಅಂಟಿಸುವಾಗ ಮಾತ್ರ ಗ್ಲೂ ಸ್ಟಿಕ್ ಅಥವಾ ಡಬಲ್ ಸೈಡ್ ಟೇಪ್. ಅಂಟಿಸಿದ್ದನ್ನು ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಮೈದಾ ಅಂಟು ಗಾಳಿಪಟಕ್ಕೆ ಚೆಂದ, ಕಾರ್ಡಿಗೆ ಬೇಡ. ಅದರಲ್ಲಿ ನೀರು ಇನ್ನೂ ಜಾಸ್ತಿ, ಮೇಲಾಗಿ ಹುಳ ಬರುತ್ತದೆ.

ಅಲಂಕಾರಕ್ಕೆ ಲಗ್ನಪತ್ರಿಕೆ

ನಮ್ಮ ಮನೆಗಳಲ್ಲಿ ಲಗ್ನಪತ್ರಿಕೆ ರಾಶಿ ಬಿದ್ದಿರುತ್ತವೆ. ಮೂಲೆಗೆ ಅರಿಶಿನ ಹಚ್ಚಿರುತ್ತಾರೆ, ಮೇಲೆ ಗಣಪತಿ ಇರುತ್ತಾನೆ, ಎಸೆಯೋಕೆ ಮನಸ್ಸು ಬರಲ್ಲ. ಕಾಗದವೋ ಒಂದಕ್ಕಿಂತ ಒಂದು ಚೆಂದ. ಬಂಗಾರದ ಬಣ್ಣದ ಅಂಚು, ವೆಲ್ವೆಟ್ ಮೈ, ಉಬ್ಬು ಅಚ್ಚಿನ ಬಳ್ಳಿ, ಅಂಗಡಿಯಲ್ಲಿ ಕೊಂಡರೆ ಇಂಥ ಒಂದೊಂದು ಹಾಳೆಗೂ ದುಡ್ಡು ಕೊಡಬೇಕು. ದೇವರ ಚಿತ್ರ ಮತ್ತು ಹೆಸರುಗಳಿರುವ ಭಾಗವನ್ನು ಬೇರೆ ತೆಗೆದಿಟ್ಟು ಉಳಿದಿದ್ದನ್ನು ಬಳಸಿ. ಮನೆಯ ಹಿರಿಯರನ್ನು ಒಂದು ಮಾತು ಕೇಳಿಯೇ ಕತ್ತರಿ ಹಾಕಿದರೆ ಒಳ್ಳೆಯದು, ಆಮೇಲೆ ರಗಳೆ ಇರಲ್ಲ.

ಇನ್ನು ಎರಡು ಥರದ ಕಾರ್ಡು ಹೇಳುತ್ತೇನೆ. ಒಂದು ದಾರದ್ದು, ಒಂದು ತೆರೆದಾಗ ಎದ್ದು ನಿಲ್ಲುವಂಥದ್ದು.

ದಾರದ ನಕ್ಷತ್ರ

ರಂಗೋಲಿಗೆ ಚುಕ್ಕಿ ಇಡೋಕೆ ಬರುವವರಿಗೆ ಇದು ತೀರಾ ಸುಲಭ. ಒರಟು ಹಾಳೆಯ ಮೇಲೆ ಕೈವಾರದಿಂದ 3 ಸೆಂಟಿಮೀಟರ್ ತ್ರಿಜ್ಯದ ವೃತ್ತ ಬರೆಯಿರಿ. ಕೈವಾರವನ್ನು ಅದೇ ಅಳತೆಯಲ್ಲಿಟ್ಟು ವೃತ್ತದ ಮೇಲೆ ಗುರುತು ಹಾಕುತ್ತಾ ಹೋದರೆ ಸರಿಯಾಗಿ 6 ಚುಕ್ಕಿ ಬರುತ್ತವೆ. ಎರಡೆರಡು ಚುಕ್ಕಿಗಳ ನಡುಮಧ್ಯೆ ಇನ್ನೊಂದೊಂದು ಇಟ್ಟರೆ 12. ಗಡಿಯಾರದ ಥರ 1ರಿಂದ 12ರವರೆಗೆ ಸಂಖ್ಯೆ ಬರೆದುಕೊಳ್ಳಿ.

ಈ ಒರಟು ಹಾಳೆಯನ್ನು ಕಾರ್ಡಿನ ಮುಖದ ಮೇಲಿಟ್ಟು, ಕಾರ್ಡನ್ನು ಬಿಡಿಸಿ ಕೆಳಗೆ ಥರ್ಮೋಕೋಲ್ ಅಥವಾ ಮಡಚಿದ ಟವೆಲ್ ಹಾಕಿ, ಗುಂಡುಪಿನ್ನಿನಿಂದ 12 ತೂತು ಚುಚ್ಚಿ. ಬಿಡಿಸೋದು ಮರೆತರೆ ಎರಡೂ ಬದಿಗೆ ತೂತು ಬೀಳುತ್ತದೆ. ಕಾರ್ಡಿನ ಮೇಲೂ ತೂತುಗಳ ಹೊರಗಡೆ ಪೆನ್ಸಿಲ್‌ನಲ್ಲಿ ಸಣ್ಣಗೆ ಸಂಖ್ಯೆ ಬರೆದುಕೊಂಡರೆ ಗೊಂದಲ ಇರಲ್ಲ, ಕೊನೆಗೆ ಅಳಿಸಬಹುದು.

ಕಸೂತಿ ದಾರದಲ್ಲಿ 6 ಎಳೆ ಇರುತ್ತವೆ, ಅದರಲ್ಲಿ 2 ಎಳೆ ಬಿಡಿಸಿಕೊಳ್ಳಿ. ಒಂದೂಕಾಲು ಮೀಟರ್ ಉದ್ದ ಸಾಕು. ತುದಿಗೆ ಗಂಟು ಹಾಕಬೇಡಿ. ಧಾರವಾಡದ ಕಡೆಯ ಕಸೂತಿಯಲ್ಲೂ ಗಂಟು ಹಾಕೋದಿಲ್ಲ, ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ಅಚ್ಚುಕಟ್ಟಾಗಿರಬೇಕು ಅಂತ. ನಮಗಿಲ್ಲಿ ಅಷ್ಟು ಕಷ್ಟ ಬೇಡ, ಹಿಂದೆ ಒಂದು ತುಂಡು ಸೆಲ್ಲೋ ಟೇಪ್ ಹಾಕಿ ತುದಿಯನ್ನು ಅಂಟಿಸಿದರಾಯಿತು. ಗಂಟಿದ್ದರೆ ಮುಂದೆ ಅದರ ಉಬ್ಬು ಕಾಣುತ್ತದೆ ಅನ್ನೋದಷ್ಟೇ ವಿಷಯ.

ಈಗ ಹೊಲಿಗೆ. ಮುಂಬದಿಯಲ್ಲಿ ಗೆರೆಗಳು ಬೀಳಬೇಕಾದ ಕ್ರಮ ಇದು: 1ರಿಂದ 6, 7ರಿಂದ 2, 3ರಿಂದ 8, 9ರಿಂದ 4, 5ರಿಂದ 10, 11ರಿಂದ 6, 7ರಿಂದ 12, 1ರಿಂದ 8, 9ರಿಂದ 2, 3ರಿಂದ 10, 11ರಿಂದ 4, 5ರಿಂದ 12. ಬಾಯಿಪಾಠ ಮಾಡೋದೇನೂ ಬೇಡ. ಸೂಜಿ ಯಾವಾಗಲೂ ಬೆಸ ಸಂಖ್ಯೆಯಲ್ಲಿ ಮೇಲೆ ಬರುತ್ತದೆ, ಸಮ ಸಂಖ್ಯೆಯಲ್ಲಿ ಕೆಳಗೆ ಇಳಿಯುತ್ತದೆ. ಇಳಿದ ಮೇಲೆ ಹಿಂಬದಿಯಲ್ಲಿ ಒಂದೇ ಒಂದು ತೂತು ಮುಂದೆ ಹೋಗಿ ಮತ್ತೆ ಮೇಲೆ ಬರುತ್ತದೆ. ಎಲ್ಲೋ ಸಮ ಸಂಖ್ಯೆಯಲ್ಲಿ ಮೇಲೆ ಬಂತು ಅಂದರೆ ಲೆಕ್ಕ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ದಾರವನ್ನು ಬಿಗಿಯಾಗಿ ಎಳೆದರೆ ತೂತು ಸೀಳುತ್ತದೆ, ಹಾಳೆಗೆ ತಾಗಿ ಕೂತರೆ ಸಾಕು. ಮುಗಿದಾಗ 12 ಮೂಲೆಯ ನಕ್ಷತ್ರ, ನಡುವೆ ತಾನಾಗಿಯೇ ಮೂಡಿದ ಒಂದು ಸಣ್ಣ ಚಕ್ರ. ಕೆಂಪು ಕಾಗದದ ಮೇಲೆ ಜರಿ ದಾರ ಹಾಕಿದರೆ ದೀಪಾವಳಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಹಿಂಬದಿಯ ದಾರ ಕಾಣದಂತೆ ಒಳಗೆ ಒಂದು ತೆಳು ಹಾಳೆ ಅಂಟಿಸಿ. ಎಲ್ಲ ಕಡೆ 3 ಮಿಲಿಮೀಟರ್ ಚಿಕ್ಕದಿರಲಿ. ಬರೆಯೋದು ಅದರ ಮೇಲೆ.

ಎದ್ದು ನಿಲ್ಲುವ ಕಾರ್ಡು

ಇದರ ಗುಟ್ಟು ಬರೀ ಎರಡು ಸೀಳು. ಕಾರ್ಡಿಗಿಂತ ಸ್ವಲ್ಪ ಚಿಕ್ಕದಾದ, 120 ಜಿಎಸ್‌ಎಂ ಆಸುಪಾಸಿನ ಒಳಹಾಳೆ ತಗೊಂಡು ಅರ್ಧಕ್ಕೆ ಮಡಚಿ. ಮಡಿಕೆಯ ನಡುಭಾಗದಲ್ಲಿ 2 ಸೆಂಟಿಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ. ಒಂದೊಂದು ಗುರುತಿನಿಂದಲೂ ಒಳಕ್ಕೆ ನೇರವಾಗಿ 2.5 ಸೆಂಟಿಮೀಟರ್ ಕತ್ತರಿಸಿ, ಎರಡೂ ಪದರ ಸೇರಿಸಿ. ಸೀಳುಗಳ ನಡುವಿನ ಪಟ್ಟಿಯನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಚಿ, ಹಾಳೆ ಬಿಡಿಸಿ, ಪಟ್ಟಿಯನ್ನು ಬೆರಳಿನಿಂದ ಒಳಗೆ ತಳ್ಳಿ. ಹಾಳೆಯನ್ನು ಅರ್ಧ ತೆರೆದು ಹಿಡಿದರೆ ಒಂದು ಮೆಟ್ಟಿಲು ಎದ್ದು ನಿಲ್ಲುತ್ತದೆ. ಚಿತ್ರ ಅಂಟಿಸೋದು ಮೆಟ್ಟಿಲಿನ ಎದುರು ಮುಖಕ್ಕೆ ಮಾತ್ರ, ಅದರ ಕೆಳಗಿನ ಪುಟಕ್ಕೆ ಅಂಟು ತಾಗಬಾರದು.

ಚಿತ್ರ ಎಷ್ಟು ಎತ್ತರ ಇರಬಹುದು ಅನ್ನೋದಕ್ಕೆ ಲೆಕ್ಕ ಇದೆ. ಸೀಳಿನ ಉದ್ದ ಮತ್ತು ಚಿತ್ರದ ಎತ್ತರ ಕೂಡಿಸಿದರೆ ಕಾರ್ಡಿನ ಒಂದು ಪುಟದ ಅಗಲಕ್ಕಿಂತ ಕಡಿಮೆ ಬರಬೇಕು. ನಮ್ಮ ಪುಟ 10.5, ಸೀಳು 2.5. ಹಾಗಾಗಿ 7 ಸೆಂಟಿಮೀಟರ್ ಚಿತ್ರ ನಿಶ್ಚಿಂತೆ. ಇದಕ್ಕಿಂತ ದೊಡ್ಡದಾದರೆ ಕಾರ್ಡು ಮುಚ್ಚಿದಾಗ ಚಿತ್ರದ ತಲೆ ಹೊರಗೆ ಇಣುಕುತ್ತದೆ. ಬೇಕಂತಲೇ ಇಣುಕಿಸುವುದೂ ಒಂದು ತಮಾಷೆ ಅನ್ನಿ, ಆದರೆ ಲಕೋಟೆಯಲ್ಲಿ ಮುರುಟಿಹೋಗುತ್ತದೆ.

ಏನು ಚಿತ್ರ? ಹುಟ್ಟುಹಬ್ಬಕ್ಕೆ ಎಲ್ಲರೂ ಕೇಕ್ ಹಾಕುತ್ತಾರೆ, ಬಿಡಿ. ದಸರೆಗೆ ಉತ್ತರ ಕರ್ನಾಟಕದ ಕಡೆ ಬನ್ನಿ ಎಲೆ ಕೊಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅನ್ನುತ್ತಾರಲ್ಲ, ಲಗ್ನಪತ್ರಿಕೆಯ ಬಂಗಾರದ ಅಂಚಿನಿಂದ ಸಣ್ಣ ಸಣ್ಣ ಎಲೆ ಕತ್ತರಿಸಿ ಒಂದು ಕಡ್ಡಿಯ ಎರಡೂ ಬದಿಗೆ ಸಾಲಾಗಿ ಅಂಟಿಸಿ ಆ ಟೊಂಗೆಯನ್ನೇ ನಿಲ್ಲಿಸಿ. ದೂರದ ಊರಿನಲ್ಲಿ, ಬನ್ನಿ ಗಿಡವೇ ಸಿಗದ ಕಡೆ ಇರುವ ಅಣ್ಣನಿಗೋ ಗೆಳತಿಗೋ ಕಳಿಸೋಕೆ ಇದಕ್ಕಿಂತ ಚೆಂದದ್ದು ನನಗೆ ತೋಚುತ್ತಿಲ್ಲ. ಸಂಕ್ರಾಂತಿಗಾದರೆ ಕಬ್ಬಿನ ಜಲ್ಲೆ.

ಒಳಹಾಳೆಯನ್ನು ಕಾರ್ಡಿಗೆ ಅಂಟಿಸುವಾಗ ಪಟ್ಟಿಯ ಭಾಗಕ್ಕೆ ಅಂಟು ಬೇಡ. ಮೊದಲು ಒಂದು ಪುಟ ಅಂಟಿಸಿ, ಎರಡರ ಮಡಿಕೆಯೂ ಒಂದೇ ಗೆರೆಯಲ್ಲಿದೆಯಾ ನೋಡಿ, ಇನ್ನೊಂದು ಪುಟಕ್ಕೆ ಅಂಟು ಹಚ್ಚಿ ಕಾರ್ಡನ್ನು ಮುಚ್ಚಿಬಿಡಿ. ಅದು ತನ್ನ ಜಾಗದಲ್ಲೇ ಕೂರುತ್ತದೆ.

ಒಳಗೆ ಏನು ಬರೆಯೋದು

ಅಚ್ಚಾದ ಕ್ರಿಸ್‌ಮಸ್ ಕಾರ್ಡು ಮೊದಲು ಬಂದಿದ್ದು 1843ರಲ್ಲಿ, ಲಂಡನ್ನಿನಲ್ಲಿ. ಹೆನ್ರಿ ಕೋಲ್ ಅನ್ನುವವರು ಎಲ್ಲರಿಗೂ ಪತ್ರ ಬರೆಯೋಕೆ ಪುರುಸೊತ್ತಿಲ್ಲ ಅಂತ ಕಲಾವಿದ ಹಾರ್ಸ್‌ಲಿ ಅವರಿಂದ ಚಿತ್ರ ಬರೆಸಿ ಅಚ್ಚು ಹಾಕಿಸಿದರು. ಕಾರ್ಡು ಹುಟ್ಟಿದ್ದೇ ಬರೆಯೋದು ತಪ್ಪಿಸಿಕೊಳ್ಳೋಕೆ! ನೀವು ಸಂಜೆಯೆಲ್ಲ ಕೂತು ಕಾರ್ಡು ಮಾಡಿ ಕೊನೆಗೆ ಒಳಗೆ ‘ಹ್ಯಾಪಿ ಬರ್ತ್‌ಡೇ’ ಅಂತಷ್ಟೇ ಬರೆದರೆ ಮಾಡಿದ್ದಕ್ಕೆ ಏನರ್ಥ? ಪ್ರಾಸದ ಸಾಲುಗಳೂ ಬೇಡ. ಅವರಿಗೂ ನಿಮಗೂ ಮಾತ್ರ ಗೊತ್ತಿರುವ ಒಂದು ವಿಷಯ ಬರೆಯಿರಿ. ‘ಅತ್ತೆ, ನೀವು ಕಳಿಸಿದ ಮಾವಿನಕಾಯಿ ಉಪ್ಪಿನಕಾಯಿ ಮೊನ್ನೆ ಮುಗೀತು, ಬಾಟಲಿ ತೊಳೆದಿಟ್ಟಿದ್ದೇನೆ’ ಅಂತ ಬರೆದರೆ ಅತ್ತೆ ಅದನ್ನು ನಾಲ್ಕು ಜನಕ್ಕೆ ಓದಿ ಹೇಳುತ್ತಾರೆ.

ಅಜ್ಜ ಅಜ್ಜಿಗೆ ಬರೆಯುವಾಗ ಅಕ್ಷರ ದೊಡ್ಡದಿರಲಿ, ಕಪ್ಪು ಇಂಕಿರಲಿ. ಮೇಲೆ ‘ಕ್ಷೇಮ’ ಅಂತ ಹಾಕಿ, ‘ಅಜ್ಜಿಗೆ ನಮಸ್ಕಾರಗಳು’ ಅಂತ ಶುರುಮಾಡಿ, ಅವರಿಗೆ ಆ ಹಳೇ ರೂಢಿ ಇಷ್ಟವಾಗುತ್ತದೆ. ಐವರಿ ಶೀಟಿನ ನುಣುಪು ಬದಿಗೆ ಜೆಲ್ ಪೆನ್ ಬೇಗ ಒಣಗಲ್ಲ, ಕೈ ತಾಗಿದರೆ ಬಳಿದುಕೊಳ್ಳುತ್ತದೆ. ಮೊದಲು ಒಂದು ಚೂರಿನ ಮೇಲೆ ಬರೆದು ನೋಡಿ.

ಲಕೋಟೆ ಮತ್ತು ಅಂಚೆ

ಲಕೋಟೆಗೆ ಒಂದು ಮಾಮೂಲಿ ಎ4 ಹಾಳೆ ಸಾಕು. ಹಾಳೆಯನ್ನು ಉದ್ದಕ್ಕೆ ಇಟ್ಟು ಎಡಬಲದಲ್ಲಿ 2.9 ಸೆಂಟಿಮೀಟರ್ ಒಳಗೆ ಮಡಚಿ. ಕೆಳಗಿನಿಂದ 10 ಸೆಂಟಿಮೀಟರ್ ಮೇಲಕ್ಕೆ ಮಡಚಿ, ಎರಡು ಅಂಚಿಗೆ ಅಂಟು ಹಾಕಿದರೆ ಚೀಲವಾಯಿತು. ಬಾಯಿಗೆ, ಕೆಳಗಿನ ಮಡಿಕೆಯಿಂದ 10.8 ಸೆಂಟಿಮೀಟರ್ ಮೇಲೆ, ಇನ್ನೊಂದು ಮಡಿಕೆ. ಮೇಲೆ ಉಳಿದಿದ್ದೇ ಮುಚ್ಚಳ, ಉದ್ದ ಅನ್ನಿಸಿದರೆ ಕತ್ತರಿಸಿ. ಕಾರ್ಡು ಒಳಗೆ ಸಲೀಸಾಗಿ ಜಾರಬೇಕು, ತುರುಕುವಂತಿರಬಾರದು. ಹಿಂದೆಲ್ಲ ಕಾರ್ಡು, ಲಗ್ನಪತ್ರಿಕೆ ಬುಕ್ ಪೋಸ್ಟಿನಲ್ಲಿ ಹೋಗುತ್ತಿದ್ದಾಗ ಮುಚ್ಚಳ ಅಂಟಿಸದೆ ಒಳಗೆ ಸಿಕ್ಕಿಸುತ್ತಿದ್ದರು. ನೀವು ಅಂಟಿಸಿಯೇ ಕಳಿಸಿ.

ತೂಕದ ಲೆಕ್ಕ ಮನೆಯಲ್ಲೇ ಹಾಕಬಹುದು. ಎ4 ಹಾಳೆ ಅಂದರೆ ಚದರ ಮೀಟರಿನ 16ನೇ ಒಂದು ಭಾಗ. 240 ಜಿಎಸ್‌ಎಂನ ಅರ್ಧ ಎ4 ಏಳೂವರೆ ಗ್ರಾಂ, 120ರ ಒಳಹಾಳೆ ನಾಲ್ಕು ಗ್ರಾಂನೊಳಗೆ, 80ರ ಲಕೋಟೆ 5 ಗ್ರಾಂ. ಒಟ್ಟು 16ರ ಆಸುಪಾಸು. ಸಾಮಾನ್ಯ ಪತ್ರದ ದರ 20 ಗ್ರಾಂ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ ಅಲಂಕಾರಕ್ಕೆ ಇನ್ನು ಮೂರು ನಾಲ್ಕು ಗ್ರಾಂ ಜಾಗವಿದೆ. ಮಣಿ, ಗುಂಡಿ, ದಪ್ಪ ರಿಬ್ಬನ್ ಹಾಕಿದರೆ ತೂಕವೂ ಹೆಚ್ಚು, ಲಕೋಟೆಯೂ ಒಳಗಿನಿಂದ ಹರಿಯುತ್ತದೆ. ಅಂಥ ಕಾರ್ಡನ್ನು ಕೈಯಲ್ಲೇ ಕೊಡಿ, ಇಲ್ಲವೇ ಅಂಚೆ ಕಚೇರಿಯಲ್ಲಿ ತೂಗಿಸಿ, ಒಳಗೊಂದು ರಟ್ಟು ಇಟ್ಟು ಕಳಿಸಿ.